ಕ್ಲೆಮ್‌ನ ಬಣ್ಣದ ಬಿಲ್ಲೆಗಳು

ಮೇ ಹದಿನಾಲ್ಕು, ಮಂಗಳವಾರ, ಬೆಳಿಗ್ಗೆ ಎಂಟೂವರೆಗೆ ವೆಂಡೆಲ್ ಬೀಲ್ ಗ್ಯಾನೆಟ್ ಕೋವ್ ಪೊಲೀಸ್ ಠಾಣೆಯ ಬಾಗಿಲು ದೂಡಿಕೊಂಡು ಒಳಬಂದ. ಅಮೆರಿಕದ ಮೇನ್ ರಾಜ್ಯದ ಕರಾವಳಿಯ ಆ ಊರಿನಲ್ಲಿ ಲಾಬ್‌ಸ್ಟರ್ ಹಿಡಿಯುವವನು ಆ ಹೊತ್ತಿಗೆ ಕಡಲಿನಲ್ಲಿರಬೇಕು. ದಡದಲ್ಲಿದ್ದಾನೆ ಅಂದಮೇಲೆ ವಿಷಯ ಸಣ್ಣದಲ್ಲ ಎಂದು ಇನ್ಸ್‌ಪೆಕ್ಟರ್ ಲೋರ್ನಾ ಫಿಕೆಟ್ ಕಾಫಿ ಲೋಟ ಕೆಳಗಿಟ್ಟಳು.

"ಬಿಲ್ಲೆ ಕದ್ದಿದಾರೆ ಕಣಮ್ಮ."

"ಯಾವ ಬಿಲ್ಲೆ?"

"ಪೋಕರ್ ಬಿಲ್ಲೆ. ಜೇಡಿಮಣ್ಣಿಂದು, ಹೊಸಾದು. ಇನ್ನೂ ಒಂದಾಟ ಆಡಿಲ್ಲ."

ಕಾನ್‌ಸ್ಟೇಬಲ್ ಡನ್‌ಫಿ ನಗು ಮುಚ್ಚಿಕೊಳ್ಳಲು ಮೀಸೆ ತೀಡಿದ. "ನಗಪ್ಪ, ನಗು. ಕ್ಲೆಮ್ ಹೆಸರಲ್ಲಿ ಮಾಡ್ಸಿದ್ದು ಅವು" ಅಂದ ವೆಂಡೆಲ್. ಡನ್‌ಫಿಯ ಕೈ ಮೀಸೆಯಿಂದ ಇಳಿಯಿತು.

ಕ್ಲೆಮ್ ಆಲಿ ಜನವರಿಯಲ್ಲಿ ತೀರಿಕೊಂಡಿದ್ದ. ವೆಂಡೆಲ್‌ನ ನೆಲಮಾಳಿಗೆಯಲ್ಲಿ ಪ್ರತಿ ಶನಿವಾರ ದುಡ್ಡಿನ ಬದಲು ಬಿಲ್ಲೆ ಇಟ್ಟು ನಡೆಯುವ ಇಸ್ಪೀಟಾಟವನ್ನು ಶುರುಮಾಡಿದವನೇ ಅವನು. ಆ ಕಡಲಿನಲ್ಲಿ ಪ್ರತಿಯೊಬ್ಬನಿಗೂ ತನ್ನದೇ ಬಣ್ಣ ಇರುತ್ತದೆ; ಲಾಬ್‌ಸ್ಟರ್ ಹಿಡಿಯಲು ನೀರಿನ ತಳಕ್ಕೆ ಇಳಿಸುವ ಬೋನಿನ ಹಗ್ಗಕ್ಕೆ ಕಟ್ಟುವ ತೇಲುಗುಂಡಿನ ಬಣ್ಣ. ಕ್ಲೆಮ್‌ನದು ನೀಲಿ, ಅದರ ಮೇಲೆ ಕಿತ್ತಳೆ ಪಟ್ಟಿ. ಗೆಳೆಯರು ಕೂಡಿ ಅದೇ ಬಣ್ಣದಲ್ಲಿ ಬಿಲ್ಲೆ ಮಾಡಿಸಿದ್ದರು. ಈ ಶನಿವಾರ ಅವನ ಹೆಂಡತಿ ಡೋರಿಸ್ ಬಂದು ಮೊದಲ ಎಲೆ ಹಂಚಬೇಕಿತ್ತು.

"ಅವಳಿಗೆ ನಾನು ಏನಂತ ಮುಖ ತೋರಿಸ್ಲಿ?" ಅಂದ ವೆಂಡೆಲ್.

ದೂರು ದಾಖಲಾಯಿತು. ಒಂಬತ್ತೂವರೆಗೆ ಸ್ಥಳ ಮಹಜರು. ನೆಲಮಾಳಿಗೆಯ ಬೀಗ ಮುರಿದಿರಲಿಲ್ಲ. ಕೀಲಿ ಹೊರಗಿನ ಹಳೇ ಬೂಟಿನೊಳಗೆ ಇರುವುದು ಊರಿಗೆಲ್ಲ ಗೊತ್ತು. ಟೀವಿ ಇತ್ತು, ಎರಡು ಬಂದೂಕು ಇದ್ದವು. ಬಿಲ್ಲೆಯ ಪೆಟ್ಟಿಗೆಯೊಂದೇ ಇಲ್ಲ. ಅದಿದ್ದ ಮೇಜಿನ ಮೇಲೆ ಹಿಟ್ಟು ಚೆಲ್ಲಿದ ಹಾಗೆ ಬಿಳೀ ಪುಡಿ ಕೂತಿತ್ತು, ಪಕ್ಕದಲ್ಲಿ ಕೆಲವು ಬಿಲ್ಲೆ ಬಿದ್ದಿದ್ದವು. ಎಲ್ಲವೂ ಹಪ್ಪಳದಂತೆ ಸೊಟ್ಟಗಾಗಿದ್ದವು.

"ಇದೇನಾಗಿದೆ?" ಕೇಳಿದಳು ಲೋರ್ನಾ.

ವೆಂಡೆಲ್ ನೆಲ ನೋಡಿದ. "ಹೊಸ ಬಿಲ್ಲೆ ಪುಡಿ ಪುಡಿ ಇರತ್ತೆ. ತೊಳೀಬೇಕು. ಸುಲಭ ಆಗ್ಲಿ ಅಂತ ನಾಲ್ಕನ್ನ ಪಾತ್ರೆ ತೊಳೆಯೋ ಮೆಷೀನಿಗೆ ಹಾಕ್ದೆ."

"ಬಿಸಿನೀರಿಗೆ?"

"ಹೂಂ. ನಿನ್ನೆ ಅಂಗಡಿ ಕಟ್ಟೆ ಮೇಲೆ ಹೇಳ್ಕೊಂಡು ನಗ್ತಾ ಇದ್ದೆ. ಉಳಿದಿದ್ದನ್ನ ಬಿಸಿ ಕಮ್ಮಿ ಮಾಡಿ ನಾಳೆ ಹಾಕ್ತೀನಿ ಅಂದೆ."

"ಯಾರ್ಯಾರಿದ್ರು?"

"ಅರ್ಧ ಊರೇ ಇತ್ತು."

ಡನ್‌ಫಿ ಪಿಸುಗುಟ್ಟಿದ: "ಹಾಗಾದ್ರೆ ಅರ್ಧ ಊರೇ ಆರೋಪಿ, ಮೇಡಂ."

ಲೋರ್ನಾ ಸೊಟ್ಟ ಬಿಲ್ಲೆಯೊಂದನ್ನು ಬೆರಳಲ್ಲಿ ತಿರುಗಿಸಿದಳು. ಕೆಟ್ಟದ್ದನ್ನು ಬಿಟ್ಟು ಒಳ್ಳೆಯದನ್ನಷ್ಟೇ ಒಯ್ದವನಿಗೆ ಬಿಲ್ಲೆಯ ಬೆಲೆ ಗೊತ್ತಿದೆ. "ಮುಂಚೆ ಹೊಸ ಬಿಲ್ಲೆ ಯಾರು ತೊಳೀತಿದ್ರು?"

"ಕ್ಲೆಮ್ಮೇ. ತಣ್ಣೀರು, ಸೋಪು, ಹಲ್ಲುಜ್ಜೋ ಬ್ರಷ್ಷು. ಒಣಗಿದ ಮೇಲೆ ಔಷಧಿ ಅಂಗಡಿ ಎಣ್ಣೆ ಹಚ್ಚೋನು, ಒಂದೊಂದಕ್ಕೂ."

"ಒಬ್ನೇನಾ?"

ವೆಂಡೆಲ್ ಸೊಟ್ಟ ಬಿಲ್ಲೆಗಳನ್ನು ಒಂದರ ಮೇಲೊಂದು ಇಟ್ಟ. "ಅಸಾ ಕ್ರೌಲಿ ಜೊತೆಗಿರ್ತಿದ್ದ. ಆಮೇಲೆ ಅವನು ಕ್ಲೆಮ್ಮಿನ ಹಗ್ಗ ಕತ್ತರಿಸ್ದ. ಅವತ್ತಿಂದ ಅವನಿಗೆ ಈ ಮೆಟ್ಟಿಲು ಇಲ್ಲ."

ಬೋನು ತಳದಲ್ಲೇ ಕಳೆದುಹೋಗುವಂತೆ ಅದರ ಹಗ್ಗ ಕತ್ತರಿಸುವುದು ಆ ತೀರದಲ್ಲಿ ಉಂಡ ಮನೆಗೆ ಎರಡು ಬಗೆದ ಹಾಗೆ. ಯಾರೂ ಠಾಣೆಗೆ ಬರುವುದಿಲ್ಲ, ಮಾತು ಬಿಡುತ್ತಾರೆ, ಅಷ್ಟೆ. ಅಸಾನೊಂದಿಗೆ ಕ್ಲೆಮ್ ಸಾಯುವವರೆಗೂ ಮಾತಾಡಲಿಲ್ಲ.

ಲೋರ್ನಾ ಆ ಎಣ್ಣೆಯ, ಅಂದರೆ ಮಿನರಲ್ ಆಯಿಲ್‌ನ, ಹೆಸರೆತ್ತಿದೊಡನೆ ಔಷಧಿ ಅಂಗಡಿಯ ಗ್ಲೆಂಡಾ ನಗತೊಡಗಿದಳು. "ಹೊಟ್ಟೆ ಕಟ್ಟಿದೋರು ಕುಡಿಯೋದು ಅದು. ನಿನ್ನೆ ಸಂಜೆ ಅಸಾ ಬಂದು ಇದ್ದಬದ್ದ ಬಾಟ್ಲಿ ಎಲ್ಲಾ ಬಾಚ್ಕೊಂಡ. ಅಷ್ಟು ಕಟ್ಟಿದ್ರೆ ಡಾಕ್ಟರ ಹತ್ರ ಹೋಗಪ್ಪ ಅಂದೆ. 'ಇದು ನಂಗಲ್ಲ' ಅಂದ."

ಮಧ್ಯಾಹ್ನ ಎರಡಕ್ಕೆ ಲೋರ್ನಾ, ಡನ್‌ಫಿ ಅಸಾನ ಮನೆ ತಲುಪಿದರು. ಬಾಗಿಲು ತೆರೆದೇ ಇತ್ತು.

"ಬನ್ನಿ. ಕಾಲು ಒರೆಸ್ಕೊಳಿ, ಧೂಳು ಬರತ್ತೆ" ಎಂಬ ಮಾತು ಅಡುಗೆಮನೆಯಿಂದ ಬಂತು.

ಡನ್‌ಫಿ ಕಾಲೊರೆಸಿಕೊಂಡ. ಒಳಗೆ ಹೋದ ಲೋರ್ನಾ ನಿಂತಲ್ಲೇ ನಿಂತಳು.

ಮೇಜಿನ ಮೇಲೆ, ಒಲೆಯ ಪಕ್ಕ, ಕಿಟಕಿಯ ಹಲಗೆಯ ಮೇಲೆ, ನೆಲಕ್ಕೆ ಹಾಸಿದ ಟವೆಲ್ಲುಗಳ ಮೇಲೆ ಎಲ್ಲೆಲ್ಲೂ ಬಿಲ್ಲೆಗಳು. ಅವಳು ಬೆಳಿಗ್ಗೆ ಕಂಡದ್ದು ಸುಣ್ಣದಂಥ ಮಂಕು ಬಿಲ್ಲೆಗಳನ್ನು. ಇವೂ ಅವುಗಳ ಜೊತೆಯವೇ ಎಂದರೆ ನಂಬುವಂತಿರಲಿಲ್ಲ. ಪುಡಿಯ ಕೆಳಗೆ ಇಷ್ಟು ನೀಲಿ ಅಡಗಿತ್ತೆ? ಕಿತ್ತಳೆ ಪಟ್ಟಿಗಳು ಒದ್ದೆಯಾಗಿ ಉರಿಯುತ್ತಿದ್ದವು. ಚಿಕ್ಕಂದಿನಲ್ಲಿ ಅಪ್ಪನ ದೋಣಿಯಿಂದ ಅವಳು ಕಂಡಿದ್ದ ಕ್ಲೆಮ್‌ನ ತೇಲುಗುಂಡುಗಳ ಬಣ್ಣ ಇದೇ, ಆಗತಾನೇ ನೀರಿನಿಂದ ಎದ್ದು ಬಿಸಿಲಿಗೆ ಮೈಯೊಡ್ಡಿದಾಗ. ಸತ್ತವನ ಕಡಲೇ ಆ ಅಡುಗೆಮನೆಯಲ್ಲಿ ಹರಡಿಕೊಂಡಿತ್ತು. ಅವಳಿಗೆ ಕೇಳಬೇಕಾದ ಪ್ರಶ್ನೆ ಮರೆತುಹೋಯಿತು. ಡನ್‌ಫಿ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ.

"ನೀನೇ ತಂದ್ಯಾ, ಅಸಾ?" ಕೊನೆಗೆ ಕೇಳಿದಳು.

"ಹೂಂ."

"ಯಾಕೆ?"

"ಅವನು ಮೆಷೀನಿಗೆ ಹಾಕ್ತಿದ್ದ."

"ಹೇಳ್ಬಹುದಿತ್ತಲ್ಲ."

"ನನ್ ಮಾತು ಯಾರು ಕೇಳ್ತಾರೆ?" ಅಸಾ ಕೈಲಿದ್ದ ಬಿಲ್ಲೆಯನ್ನು ಉಜ್ಜುತ್ತಲೇ ಇದ್ದ. "ಶುಕ್ರವಾರ ಅವನ ಬಾಗಿಲಿಗೆ ಇಟ್ಟು ಬರ್ತಿದ್ದೆ. ಒಂದು ಕೇಳ್ಲಾ? ಈ ಟವೆಲ್ ಮೇಲಿರೋವು ಇನ್ನೂ ಒರೆಸಿಲ್ಲ. ಹಾಗೇ ಬಿಟ್ರೆ ಎಣ್ಣೆ ಅಂಟಾಗತ್ತೆ. ಮುಗಿಸ್ಲಾ?"

ಲೋರ್ನಾ ಕುರ್ಚಿ ಎಳೆದು ಕೂತಳು.

"ಮೇಡಂ, ಇವು ಸಾಕ್ಷ್ಯ" ಅಂದ ಡನ್‌ಫಿ.

"ಗೊತ್ತು. ನೀನೊಂದು ಬಟ್ಟೆ ತಗೋ."

ಮೂವರೂ ಒರೆಸಿದರು. ಒರೆಸುತ್ತಲೇ ಅಸಾ ಕಿಟಕಿಯ ಕಡೆ ನೋಡಿಕೊಂಡು ಹೇಳಿದ: "ಹೊಟ್ಟೆಕಿಚ್ಚಿಗೆ ಕತ್ತರಿಸ್ದೆ. ಈ ನೀಲಿ ಗುಂಡುಗಳು ತೇಲ್ಕೊಂಡು ಹೋಗಿದ್ದನ್ನ ನಿಂತ್ಕೊಂಡು ನೋಡ್ದೆ. ಕ್ಲೆಮ್ ಅವತ್ತು ನಿಮ್ಮ ಹತ್ರ ಬಂದು ದೂರು ಕೊಟ್ಟಿದ್ರೆ ಶಿಕ್ಷೆ ಆಗಿ ಮುಗೀತಿತ್ತು. ಕೊಡ್ಲಿಲ್ಲ ಪುಣ್ಯಾತ್ಮ."

ಮಧ್ಯಾಹ್ನ ಮೂರೂವರೆಗೆ ಅಸಾ ಕ್ರೌಲಿಯನ್ನು ಬಂಧಿಸಲಾಯಿತು. ಕೇಳುವ ಮೊದಲೇ ಅವನು ಎರಡೂ ಕೈ ಮುಂದಕ್ಕೆ ಚಾಚಿದ. ಅವನ ಮುಖದಲ್ಲಿದ್ದದ್ದು ನೆಮ್ಮದಿ ಎಂದು ಲೋರ್ನಾಗೆ ಅನಿಸಿತು.

ಠಾಣೆಯಲ್ಲಿ ಬಯ್ಯಲೆಂದೇ ಬಂದು ನಿಂತಿದ್ದ ವೆಂಡೆಲ್ ಪೆಟ್ಟಿಗೆ ತೆರೆದು ನೋಡಿದ. ಒಂದು ಬಿಲ್ಲೆ ಎತ್ತಿ ಬೆಳಕಿಗೆ ಹಿಡಿದ.

"ದೂರು ವಾಪಸ್ ತಗೋಬಹುದಾ?"

"ಅದನ್ನ ಇನ್ನು ಕೋರ್ಟು ನೋಡ್ಬೇಕು" ಅಂದಳು ಲೋರ್ನಾ.

"ಜಾಮೀನಿಗೆ ನಾನ್ ನಿಲ್ತೀನಿ ಬಿಡು." ವೆಂಡೆಲ್ ಅಸಾನ ಕಡೆ ತಿರುಗಲಿಲ್ಲ. "ಶನಿವಾರ ಏಳು ಗಂಟೆಗೆ. ಕೀಲಿ ಎಲ್ಲಿರತ್ತೆ ಅಂತ ನಿಂಗೆ ಗೊತ್ತಲ್ಲ, ಕಳ್ಳ."

ಆಮೇಲೆ ಡನ್‌ಫಿ ಬೆರಳ ಗುರುತು ತೆಗೆಯಲು ಕೂತ. ಅಸಾನ ಬೆರಳಿಗೆ ಎಷ್ಟು ಮೆತ್ತಿದರೂ ಮಸಿ ಹಿಡಿಯಲಿಲ್ಲ. ಬೆರಳ ಗೆರೆಗಳ ತುಂಬ ಎಣ್ಣೆ, ಅದರಲ್ಲಿ ನೀಲಿಯ ಒಂದು ಎಳೆ.

"ಸೋಪು ಹಾಕಿ ಕೈ ತೊಳ್ಕೋ, ಅಸಾ."

ಅಸಾ ತನ್ನ ಕೈಗಳನ್ನು ನೋಡಿಕೊಂಡ. "ಸ್ವಲ್ಪ ಹೊತ್ತು ಹೀಗೇ ಇರ್ಲಿ" ಅಂದ.

ಡನ್‌ಫಿ ಮಸಿಯ ಡಬ್ಬಿ ಮುಚ್ಚಿ ಕಾದ.