ಎರಡನೇ ರಿಮೋಟು

"ಎಗರು! ಎಗರಮ್ಮಿ!" ಅಂತ ಅಣ್ಣ ಮಾದೇಶ್ ಕಿವಿಯ ಹತ್ತಿರವೇ ಕೂಗಿದ.

ಶಾಂತಿ ರಿಮೋಟಿನ ಮೇಲಿನ ಬಟನ್ನನ್ನು ಹೆಬ್ಬೆರಳು ನೋಯುವ ಹಾಗೆ ಒತ್ತಿದಳು. ಟಿ.ವಿ.ಯೊಳಗಿನ ಜಡೆ ಹುಡುಗಿ ನಿಂತಲ್ಲೇ ನಿಂತಿದ್ದಳು. ಎದುರಾಳಿ ಕೆಂಪಂಗಿಯವನು ಹಾರಿ ಬಂದು ಒಂದು ಒದ್ದ. ಅವಳು ಮಕಾಡೆ ಬಿದ್ದಳು. ಆಟ ಮುಗಿಯಿತು.

"ಮುಂದಿನೋರು ಬರ್ರಪ್ಪಾ," ಅಂದ ನೀಲಕಂಠಸ್ವಾಮಿ. ಅವನು ಒಂಬತ್ತನೇ ಕ್ಲಾಸು. ಆ ವೀಡಿಯೋ ಗೇಮ್ ಅಂಗಡಿಗೆ ಅವನೇ ರಾಜ.

"ಈ ರಿಮೋಟು ಕೆಟ್ಟೋಗದೆ. ಎಷ್ಟು ಒತ್ತಿದ್ರೂ ಎಗರಲ್ಲ," ಅಂದಳು ಶಾಂತಿ.

ಅಂಗಡಿಯ ಶಿವಮೂರ್ತಿ ಪೇಪರಿನಿಂದ ತಲೆಯನ್ನೇ ಎತ್ತಲಿಲ್ಲ. "ಎಲ್ರೂ ಅದ್ರಲ್ಲೇ ಆಡ್ತಾವ್ರೆ. ನಿನ್ ಬೆರಳಲ್ಲಿ ಶಕ್ತಿ ಇಲ್ಲ ಕಣಮ್ಮಿ. ಇನ್ನೊಂದು ಮುದ್ದೆ ಉಣ್ಣು."

ಹುಡುಗರೆಲ್ಲ ಹೋ ಎಂದು ನಕ್ಕರು. ಮಾದೇಶನೂ ನಕ್ಕ. ಅದೇ ಶಾಂತಿಗೆ ಹೆಚ್ಚು ಉರಿದದ್ದು.

"ಹಂಗಾದ್ರೆ ನಿನ್ ರಿಮೋಟು ಕೊಡು, ನೋಡನ," ಅಂತ ಅವಳು ನೀಲಕಂಠನ ಮುಂದೆ ಕೈ ಚಾಚಿದಳು.

"ಗೆದ್ದು ತಕೋ," ಅಂದ ಅವನು.

ಅಂಗಡಿಯ ಪದ್ಧತಿಯೇ ಹಾಗೆ. ಗೆದ್ದವನ ಕೈಯಲ್ಲಿ ಒಂದನೇ ರಿಮೋಟು, ಎದುರಿಗೆ ಬಂದವರಿಗೆ ಎರಡನೆಯದು. ದೀಪಾವಳಿ ರಜೆಯಿಂದ ಒಂದನೇ ರಿಮೋಟು ನೀಲಕಂಠನ ಕೈ ಬಿಟ್ಟಿರಲಿಲ್ಲ.

"ಲೋ ಮಾದೇಶ, ನಾಳೆನೂ ಸೋತ್ರೆ ನಿನ್ ತಂಗೀನ ಇಲ್ಲಿಗೆ ಕರ್ಕಂಡು ಬರ್ಬೇಡ ಕಣ್ಲಾ. ಸುಮ್ನೆ ಗಲಾಟೆ," ಅಂದ ನೀಲಕಂಠ.

ಮಾದೇಶ್ ತಂಗಿಯ ಮುಖ ನೋಡದೆ, "ಆಯ್ತು ಕಣ್ಲಾ," ಅಂದುಬಿಟ್ಟ.

ಅವರ ಸ್ಕೂಲು ಗುಂಡ್ಲುಪೇಟೆಯಲ್ಲಿ, ಮನೆ ಹಂಗಳದಲ್ಲಿ. ಸ್ಕೂಲು ಬಿಟ್ಟ ಮೇಲೆ ಬಸ್ಸು ಬರುವ ತನಕ ಇಬ್ಬರೂ ಈ ಅಂಗಡಿಯಲ್ಲೇ ಇರುತ್ತಿದ್ದರು. ನಾಳೆಯೂ ಸೋತರೆ, ಅಣ್ಣ ಒಳಗೆ ಆಡುತ್ತಿರುವಾಗ ತಾನು ಬಸ್‌ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಒಬ್ಬಳೇ ಬ್ಯಾಗು ಕಾಯುತ್ತಾ ಕೂರಬೇಕು. ಬಸ್ಸಿನಲ್ಲಿ ಅವಳು ಅಣ್ಣನ ಪಕ್ಕ ಬಿಟ್ಟು ಬೇರೆ ಸೀಟಿನಲ್ಲಿ ಕೂತಳು.

ಸಂಜೆ ಮನೆಯಲ್ಲಿ ಬೂದು ಕೋಳಿಯೊಂದು ಬುಟ್ಟಿಯೊಳಕ್ಕೆ ಬರಲೊಲ್ಲದು. ಶಾಂತಿ ಅದರ ಹಿಂದೆ ಹಿತ್ತಲೆಲ್ಲಾ ಓಡಿದಳು. ಕೋಳಿ ಪುರ್ ಎಂದು ಹಾರಿ ತಪ್ಪಿಸಿಕೊಂಡಿತು. ನೀಲಕಂಠನ ಮೇಲಿನ ಸಿಟ್ಟೆಲ್ಲಾ ಆ ಕೋಳಿಯ ಮೇಲೆ ತಿರುಗಿತು.

"ಅದ್ರ ಹಿಂದೆ ಯಾಕ್ ಓಡೀಯೆ ಕೂಸೇ? ಕುಂತ್ಕ. ಹಾರಿದ್ದು ನೆಲಕ್ಕೆ ಇಳೀಲೇಬೇಕಲ್ವಾ? ಇಳ್ದಾಗ ಹಿಡ್ಕ," ಅಂದಳು ಜಗಲಿಯಲ್ಲಿದ್ದ ಸಣ್ಣಮ್ಮಜ್ಜಿ.

ಶಾಂತಿ ಉಸಿರು ಬಿಗಿಹಿಡಿದು ಕುಕ್ಕರುಗಾಲಲ್ಲಿ ಕೂತಳು. ಕೋಳಿ ಗೋಡೆಯಿಂದ ಅವಳ ಮುಂದೆಯೇ ಇಳಿಯಿತು. ಗಬಕ್ಕನೆ ಎರಡೂ ಕಾಲು ಹಿಡಿದಳು. ಕೋಳಿ ಕೈಯಲ್ಲಿ ಒದ್ದಾಡುತ್ತಿದ್ದರೂ ಅವಳು ಅದನ್ನು ಬುಟ್ಟಿಗೆ ಹಾಕುವುದನ್ನೇ ಮರೆತು ಏನೋ ಯೋಚಿಸುತ್ತಾ ಕೂತಳು.

ಮಾರನೆ ದಿನ ಶನಿವಾರ, ಬೆಳಗಿನ ಸ್ಕೂಲು. ಮಧ್ಯಾಹ್ನ ಅಂಗಡಿಯಲ್ಲಿ ಕಾಲಿಡಲು ಜಾಗವಿಲ್ಲ. ಶಾಂತಿ ಎರಡನೇ ರಿಮೋಟು ಹಿಡಿದು ಆಟಗಾರರ ಚಿತ್ರಗಳನ್ನು ದಾಟಿಸುತ್ತಾ ಹೋದಳು. ಜಡೆ ಹುಡುಗಿ ಬಂದಳು, ಹೋದಳು. ಕೊನೆಗೆ ಬೋಳುತಲೆ, ಬಿಳಿಮೀಸೆ, ಗುಡಾಣದಂಥ ಹೊಟ್ಟೆಯ ಪೈಲ್ವಾನನ ಮೇಲೆ ನಿಂತಳು. ಹುಡುಗರು ಅವನಿಗೆ ಇಟ್ಟ ಹೆಸರು ತಾತ. ಯಾರೂ ಅವನನ್ನು ಮುಟ್ಟುತ್ತಿರಲಿಲ್ಲ.

"ಥೂ, ಅವನ್ಯಾಕಮ್ಮಿ? ಎಗರೋದಿರ್ಲಿ, ನಡೆಯಕ್ಕೇ ಬರಲ್ಲ ಅವ್ನಿಗೆ! ಹುಡ್ಗಿ ಆಗಿ ಹುಡ್ಗೀನ ತಕೋ, ನಗ್ತಾರೆ," ಅಂತ ಮಾದೇಶ್ ಪಿಸುಗುಟ್ಟಿದ.

"ನಗ್ಲಿ ಬುಡು. ನೆನ್ನೆ ನೀನೂ ನಕ್ಕಿದ್ದೆ."

ಮಾದೇಶ್ ಒಂದು ಹೆಜ್ಜೆ ಹಿಂದೆ ಸರಿದ.

"ತಾತ ಪೆನ್ಷನ್ ತಕೊಳಕ್ಕೆ ಬಂದವ್ನೆ ಕಣ್ರೋ!" ಅಂತ ಯಾರೋ ಕೂಗಿದರು.

ಮೊದಲ ರೌಂಡಿನಲ್ಲಿ ನೀಲಕಂಠನ ಕೆಂಪಂಗಿ ತಾತನನ್ನು ಒದ್ದು ಒದ್ದು ಮಲಗಿಸಿದ. ಆದರೆ ಶಾಂತಿ ನೋಡುತ್ತಿದ್ದದ್ದೇ ಬೇರೆ. ಕೆಂಪಂಗಿ ಹಾರುತ್ತಾನೆ, ಒದೆಯುತ್ತಾನೆ, ಆಮೇಲೆ ತಾತನ ಮುಂದೆಯೇ ಇಳಿಯುತ್ತಾನೆ.

ಎರಡನೇ ರೌಂಡಿನಲ್ಲಿ ಅವಳು ತಾತನನ್ನು ಕದಲಿಸಲೇ ಇಲ್ಲ. ತೋಳು ಅಡ್ಡ ಹಿಡಿಸಿ ಒದೆ ತಡೆದಳು. ಕೆಂಪಂಗಿಯ ಕಾಲು ನೆಲಕ್ಕೆ ತಾಕಿದ ತಕ್ಷಣ ಎರಡು ಬಟನ್ ಒಟ್ಟಿಗೆ ಒತ್ತಿದಳು. ತಾತ ಅವನನ್ನು ತಲೆಯ ಮೇಲೆತ್ತಿ ಧಡಾರನೆ ಬೀಸಿ ಹೊಡೆದ.

ಅಂಗಡಿಯಲ್ಲಿ ನಗು ನಿಂತಿತು.

ನೀಲಕಂಠನಿಗೆ ರೇಗಿತು. ರೇಗಿದಷ್ಟೂ ಹೆಚ್ಚು ಹಾರಿದ. ಹಾರಿದಷ್ಟೂ ಸಲ ತಾತನ ಕೈಗೆ ಸಿಕ್ಕಿದ. ಆ ರೌಂಡು ಶಾಂತಿಯದಾಯಿತು. ಮೂರನೆಯದೂ ಅವಳದೇ.

"ನಮ್ಮ ಶಾಂತಿ ಕಣ್ರೋ!" ಅಂತ ಮಾದೇಶ್ ಗಂಟಲು ಹರಿಯುವ ಹಾಗೆ ಕಿರುಚಿದ.

ಶಾಂತಿ ಕೈ ಚಾಚಿದಳು. ನೀಲಕಂಠ ಒಂದನೇ ರಿಮೋಟನ್ನು ಕೊಟ್ಟು ಎರಡನೆಯದನ್ನು ಕಿತ್ತುಕೊಂಡ. "ಇನ್ನೊಂದಾಟ! ಈಗ್ಲೇ!" ಅಂದ.

ಆಟ ಶುರುವಾಯಿತು. ಕೆಂಪಂಗಿ ನಿಂತಲ್ಲೇ ನಿಂತಿದ್ದ. ನೀಲಕಂಠ ಒತ್ತಿದ, ಮತ್ತೆ ಒತ್ತಿದ.

"ಶಿವಮೂರ್ತಣ್ಣಾ! ಈ ರಿಮೋಟು ಎಗರ್ತಾ ಇಲ್ಲ ಕಣಣ್ಣಾ!"

ಎಲ್ಲರೂ ಶಾಂತಿಯ ಕಡೆ ತಿರುಗಿದರು.

ಶಿವಮೂರ್ತಿ ಪೇಪರು ಪಕ್ಕಕ್ಕಿಟ್ಟು ಎದ್ದು ಬಂದ. ರಿಮೋಟು ಇಸಕೊಂಡು ಮೇಲಿನ ಬಟನ್ ಒತ್ತಿ ನೋಡಿದ. "ಹೌದಲ್ಲ, ಕೆಟ್ಟೋಗದೆ," ಅಂದ.

"ನಾ ಹೇಳ್ದಾಗ ಯಾಕಣ್ಣ ನೋಡ್ಲಿಲ್ಲ?" ಅಂದಳು ಶಾಂತಿ. ಗೆದ್ದಿದ್ದರೂ ಅಳು ಬರುವಷ್ಟು ಸಿಟ್ಟು.

ಶಿವಮೂರ್ತಿ ತಲೆ ಕೆರೆದುಕೊಂಡ.

"ಹಂಗಾದ್ರೆ ಇವತ್ತಿನ ಆಟ ಲೆಕ್ಕಕ್ಕಿಲ್ಲ," ಅಂದ ನೀಲಕಂಠ.

"ಯಾಕಿಲ್ಲ? ನೀ ಸೋತಿದ್ದು ಒಂದನೇ ರಿಮೋಟಲ್ಲಿ."

ನೀಲಕಂಠ ಶಿವಮೂರ್ತಿಯಿಂದ ರಿಮೋಟು ಮತ್ತೆ ಇಸಕೊಂಡು ಅದೇ ಬಟನ್ನನ್ನು ಒತ್ತುತ್ತಲೇ ಇದ್ದ. ಅವನ ಹೆಬ್ಬೆರಳ ತುದಿ ಕೆಂಪಗಾಗಿತ್ತು. ಶಾಂತಿ ತನ್ನ ಹೆಬ್ಬೆರಳು ನೋಡಿಕೊಂಡಳು. ನಿನ್ನೆ ಅದೂ ಹೀಗೆಯೇ ಆಗಿತ್ತು. ಇಷ್ಟು ದಿನ ಇವನಿಗೂ ಗೊತ್ತೇ ಇರಲಿಲ್ಲ ಅಂತ ಅವಳಿಗೆ ಆಗ ಹೊಳೆಯಿತು. ಗೊತ್ತಾಗಲು ಇವನು ಯಾವತ್ತು ಈ ಕಡೆ ಕೂತಿದ್ದ?

ಹೊರಗೆ ಬಸ್ಸಿನ ಹಾರನ್ ಕೇಳಿಸಿತು. "ಬಸ್ಸು ಬಂತು ಕಣಮ್ಮಿ, ಹೋಗನ," ಅಂದ ಮಾದೇಶ್. ಅವಳ ಬ್ಯಾಗು ಅವನ ಹೆಗಲ ಮೇಲಿತ್ತು.

"ತಡಿ, ಮುಂದಿನ ಬಸ್ಸಿಗೆ ಹೋಗನ."

ಶಾಂತಿ ಒಂದನೇ ರಿಮೋಟನ್ನು ನೀಲಕಂಠನ ಮಡಿಲಿಗಿಟ್ಟು ಅವನ ಕೈಯಿಂದ ಎರಡನೆಯದನ್ನು ತೆಗೆದುಕೊಂಡಳು.

"ಏನಮ್ಮಿ ಇದು?" ಅಂದ ಅವನು ಬೆರಗಾಗಿ.

"ಆಡು," ಅಂದಳು ಶಾಂತಿ. "ನಮ್ ತಾತ ಎಗರಲ್ಲ."