ಆರು ಖಾಲಿ ಬಾಟಲಿಗಳು

ಅಭಯಾರಣ್ಯದ ಗೇಟು ಕಾಯುವವನಿಗೆ ಆ ಮಧ್ಯಾಹ್ನ ನಿಂತಲ್ಲಿ ನಿಲ್ಲಲಾಗಲಿಲ್ಲ, ಕೂತಲ್ಲಿ ಕೂರಲಾಗಲಿಲ್ಲ. ಕಾಡಿನ ರಸ್ತೆಯಲ್ಲಿ ಹೆಣ್ಣು ಜಿಂಕೆಯೊಂದು ಗಾಡಿ ಬಡಿದು ಸತ್ತಿತ್ತು. ಅದರ ಪಕ್ಕದಲ್ಲಿ ಅಂಗಿಯೆಲ್ಲ ರಕ್ತ ಮಾಡಿಕೊಂಡು ಸಿಕ್ಕವನು ಅವನ ಹೆಂಡತಿಯ ತಮ್ಮ, ಇಲಾಖೆಯ ಜೀಪಿನ ಡ್ರೈವರ್. ಜೀಪಿನ ದೀಪವೂ ಒಡೆದಿತ್ತು. ಇನ್ನೇನು ಬೇಕು! ಸಾಹೇಬರು ಅವನನ್ನು ಕೆಲಸದಿಂದ ತೆಗೆಯುವ ಕಾಗದ ಟೈಪು ಮಾಡಿಸುತ್ತಿದ್ದರು.

"ಭಾವ, ನಾನು ಹೊಡೀಲಿಲ್ಲ. ಇನ್ನೂ ಉಸಿರಾಡ್ತಿತ್ತು. ತಲೆ ಹಿಡ್ಕೊಂಡು ಕೂತೆ ಅಷ್ಟೆ."

"ನನಗೆ ಗೊತ್ತು ಕಣೋ. ನಾನು ನಂಬಿದ್ರೆ ಏನು ಬಂತು?"

ಅಂದು ಆ ದಾರಿಯಲ್ಲಿ ಬಂದ ಇನ್ನೊಂದು ಗಾಡಿ ಪ್ರವಾಸಿ ದಂಪತಿಯ ಬಿಳಿ ಕಾರು. ಆಚೆ ತುದಿಯ ಗೇಟಿನವರು ಒಳಗೆ ಬಿಟ್ಟ ಹೊತ್ತನ್ನು ಚೀಟಿಯಲ್ಲಿ ಬರೆದಿರುತ್ತಾರೆ. ಒಂದು ಗಂಟೆಗಿಂತ ಬೇಗ ಈ ಗೇಟು ಮುಟ್ಟಿದರೆ ಜೋರಾಗಿ ಓಡಿಸಿದಂತೆ, ದಂಡ ಬೀಳುತ್ತದೆ. ಕಾರು ತೆಗೆದುಕೊಂಡದ್ದು ಒಂದು ಗಂಟೆ ಎರಡು ನಿಮಿಷ. ಹಾಗಾಗಿ ಸಾಹೇಬರು ಅದರ ತಂಟೆಗೇ ಹೋಗಲಿಲ್ಲ.

ಗೇಟಿನ ಹಿಂದಿನ ಮನೆಯಲ್ಲಿದ್ದ ಪ್ರಾಣಿವೈದ್ಯೆ, ಎಲ್ಲರ ಡಾಕ್ಟರಮ್ಮ, ಜಿಂಕೆಯನ್ನು ನೋಡಿ ಬಂದರು. ಕಾಡಿನವರ ಯಾವ ಗುಟ್ಟೂ ಅವರ ಕಣ್ಣು ತಪ್ಪಿಸಿದ್ದಿಲ್ಲ. "ಕೆಚ್ಚಲಲ್ಲಿ ಹಾಲಿದೆ," ಎಂದಷ್ಟೇ ಹೇಳಿ ಕಾವಲುಗಾರನ ಕಡೆ ತಿರುಗಿದರು. "ಆ ಕಾರು ಬಂದಾಗ ಏನಾಯ್ತು? ಒಂದೂ ಬಿಡದೆ ಹೇಳು."

"ಏನಿಲ್ಲ ಡಾಕ್ಟರಮ್ಮ. ಚೀಟಿ ನೋಡಿದೆ, ಬಾಟಲಿ ಎಣಿಸಿದೆ. ಪ್ಲಾಸ್ಟಿಕ್ಕು ಕಾಡಲ್ಲಿ ಬಿಸಾಕಬಾರದಲ್ಲ? ಒಳಗೆ ಆರು ದೊಡ್ಡ ಬಾಟಲಿ ನೀರು ಹೋಗಿತ್ತು, ಆರೂ ಖಾಲಿಯಾಗಿ ಹೊರಗೆ ಬಂತು. ಲೆಕ್ಕ ಸರಿಹೋಯ್ತು, ಬಿಟ್ಟೆ. ಆ ಯಮ್ಮ ನೀರು ಕೇಳಿದ್ರು, ಒಂದು ಚೊಂಬು ಗಟಗಟ ಕುಡಿದ್ರು."

ಡಾಕ್ಟರಮ್ಮ ಜೀಪಿನ ಒಡೆದ ದೀಪದೊಳಗೆ ಇಣುಕಿದರು. ಗೇಟಿನಾಚೆ ಊಟಕ್ಕೆಂದು ನಿಂತಿದ್ದ ಬಿಳಿ ಕಾರಿನ ಸುತ್ತ ಬೆರಳಾಡಿಸಿದರು. ಆಮೇಲೆ ಗೇಟಿಗೆ ಮೊದಲು ಸಿಗುವ ಕಾಡಿನ ತಿರುವಿನ ತನಕ ನಡೆದು, ಚಪ್ಪಲಿಗೆ ಕೆಸರು ಮೆತ್ತಿಕೊಂಡು ಬಂದರು. ವಾರದಿಂದ ಹನಿ ಮಳೆ ಇರಲಿಲ್ಲ.

ಎಲ್ಲರನ್ನೂ ಗೇಟಿನ ಕೋಣೆಗೆ ಕರೆಸಿದರು. ಸಾಹೇಬರ ಕೈಯಲ್ಲಿ ಕಾಗದ ಸಿದ್ಧವಿತ್ತು.

"ಜೀಪಿನ ದೀಪದಲ್ಲಿ ಜೇಡ ಬಲೆ ಕಟ್ಟಿದೆ ಸಾಹೇಬ್ರೆ. ಅದು ಇವತ್ತು ಒಡೆದದ್ದಲ್ಲ. ಕಾರಿಗೆ ಮೈಯೆಲ್ಲ ಧೂಳು, ಮುಂದಿನ ಕಬ್ಬಿಣದ ಗಾರ್ಡು ಮಾತ್ರ ತಳತಳ. ಆರು ಬಾಟಲಿ ಖಾಲಿಯಾದ್ರೂ ಇವರಿಗೆ ಬಾಯಾರಿಕೆ ಹೋಗಿಲ್ಲ. ರಕ್ತ ತೊಳೆದ ನೀರೆಲ್ಲ ತಿರುವಿನ ಮಣ್ಣಿಗೆ ಹೋಗಿದೆ, ಅಲ್ಲೇ ಈ ಕಾರಿನ ಟೈರಿನ ಗುರುತೂ ಇದೆ."

"ನಾವು ಒಂದು ಗಂಟೆ ತಗೊಂಡಿದ್ದೀವಲ್ಲ!" ಪ್ರವಾಸಿ ರೇಗಿದ.

"ತಗೊಂಡ್ರಿ. ಅರ್ಧ ಗಂಟೇಲಿ ಓಡಿಸಿದ್ರಿ, ಅರ್ಧ ಗಂಟೆ ದಂಡ ತಪ್ಪಿಸೋಕೆ ಮರೆಯಲ್ಲಿ ಕೂತ್ರಿ. ಗಾರ್ಡಿನ ಸಂದಿಯಲ್ಲಿ ಸಿಕ್ಕ ಜಿಂಕೆ ಕೂದಲು ಇಲ್ಲಿದೆ ನೋಡಿ." ಕಾಗದದ ಪೊಟ್ಟಣ ಬಿಚ್ಚಿ ಮೇಜಿನ ಮೇಲಿಟ್ಟರು. "ಇವನು ಬರೋವರೆಗೂ ಅದಕ್ಕೆ ಜೀವ ಇತ್ತು. ಆ ಅರ್ಧ ಗಂಟೇಲಿ ನನ್ನನ್ನ ಕರೆದಿದ್ರೆ ಉಳಿಸಬಹುದಿತ್ತೇನೋ."

ಪ್ರವಾಸಿಯ ಹೆಂಡತಿ ಮುಖ ಮುಚ್ಚಿಕೊಂಡಳು. "ಹೇಳಿದೆ ಇವರಿಗೆ, ವಾಪಸ್ ಹೋಗೋಣ ಅಂತ," ಎಂದು ಅತ್ತಳು.

ಸಾಹೇಬರು ಕಾಗದವನ್ನು ಹರಿದು ಹಾಕಿ ಪೊಲೀಸರಿಗೆ ಫೋನು ಮಾಡಿದರು. ಕಾವಲುಗಾರನಿಗೆ ಹೋದ ಜೀವ ಬಂದಂತಾಯಿತು; ಜೊತೆಗೇ ನಾಚಿಕೆಯೂ ಆಯಿತು. ಬಾಟಲಿ ಎಣಿಸಿದವನು ತಾನು, ನೋಡದೆ ಬಿಟ್ಟವನೂ ತಾನೇ.

ಭಾವಮೈದನ ಮುಖದಲ್ಲಿ ಮಾತ್ರ ಸಮಾಧಾನವಿರಲಿಲ್ಲ. "ಡಾಕ್ಟರಮ್ಮ, ಹಾಲಿತ್ತು ಅಂದ್ರಲ್ಲ... ಮರಿ?"

"ಅದನ್ನ ಹುಡುಕೋಕೇ ನಿನಗೆ ಕಾಯ್ತಿದ್ದೆ. ಜೀಪು ತೆಗಿ."

ಕಾವಲುಗಾರ ಗೇಟು ಎತ್ತಿದ. ಬಾಟಲಿಯಲ್ಲಿ ಹಾಲು ಹಿಡಿದು ಡಾಕ್ಟರಮ್ಮ ಮುಂದೆ ಕೂತರು. ಜೀಪು ಪೊದೆಪೊದೆಗೂ ನಿಲ್ಲುತ್ತ ಒಳಗೆ ಹೋಯಿತು.