ಅಪ್ಪ ಹಾಕಿದ ತೇಪೆ

ಲಿವಿಯೊನ ಗ್ಯಾರೇಜಿಗೆ ಮತ್ತೆ ಕಾಲಿಡುವುದಿಲ್ಲ ಎಂದು ಆಣೆ ಮಾಡಿದ್ದ ಫೆಡೋರಾ ಇವತ್ತು ಅದೇ ಬಾಗಿಲಲ್ಲಿ ನಿಂತಿದ್ದಳು. ಬೆನ್ನ ಹಿಂದೆ ಅಪ್ಪನ ಹಳೆಯ ಕೆಂಪು ಸ್ಪೋರ್ಟ್ಸ್ ಕಾರು.

"ಪೆಟ್ರೋಲ್ ವಾಸನೆ ಬರ್ತಿದೆ. ಈ ಟ್ರಿಯೆಸ್ಟೆ ಊರಲ್ಲಿ ಇದರ ಪೈಪು ಬಗ್ಗಿಸೋಕೆ ಬರೋದು ನಿನಗೊಬ್ಬನಿಗೇ ಅಂತೆ. ಅದಕ್ಕೇ ಬಂದೆ... ಬೇರೆ ಏನೂ ಅಂದ್ಕೋಬೇಡ."

"ಅಂದ್ಕೊಂಡಿಲ್ಲ," ಎಂದ ಲಿವಿಯೊ. ಒರೆಸಿದ ಕೈಯನ್ನೇ ಮತ್ತೆ ಮತ್ತೆ ಒರೆಸಿಕೊಳ್ಳುತ್ತಿದ್ದ.

ಎರಡು ವರ್ಷದ ಹಿಂದೆ ಇಬ್ಬರ ಮದುವೆ ನಿಶ್ಚಯವಾಗಿತ್ತು. ಗುಡ್ಡ ಹತ್ತುವ ಕಾರು ಓಟದ ದಿನ ಬೆಳಿಗ್ಗೆ, ತನ್ನ ಗ್ಯಾರೇಜಿನಲ್ಲಿದ್ದ ಈ ಕಾರಿನ ಕೀಲಿಯನ್ನು ಅವನು ಅಪ್ಪನಿಗೆ ಕೊಡಲಿಲ್ಲ. ಕಾರಣವನ್ನೂ ಹೇಳಲಿಲ್ಲ. ಅದು ಅಪ್ಪ ಎರ್ವಿನೊನ ಕೊನೆಯ ಓಟವಾಗಬೇಕಿತ್ತು. ಮುಂದಿನ ತಿಂಗಳೇ ಆತ ತೀರಿಕೊಂಡ. ಫೆಡೋರಾ ಮದುವೆ ಮುರಿದು, ಕಾರನ್ನು ಮನೆಗೆ ಎಳೆಸಿಕೊಂಡು ಹೋಗಿದ್ದಳು.

ಈಗ ಕಾರು ಜಾಕಿನ ಮೇಲೇರಿತು. ಟ್ಯಾಂಕಿನಿಂದ ಎಂಜಿನ್ನಿಗೆ ಹೋಗುವ ಪೈಪನ್ನು ಉಪ್ಪುಗಾಳಿ ತಿಂದುಹಾಕಿತ್ತು. ಹೊಸದನ್ನು ಬಗ್ಗಿಸಲು ಹಳೆಯದೇ ಅಳತೆ; ಮುರಿಯದಂತೆ ಬಿಚ್ಚಬೇಕು. ಒಂದು ಕಡೆ ಲಿವಿಯೊ ಏನನ್ನೋ ಕಿತ್ತು, ಮುಷ್ಟಿಯೊಳಗೆ ಅಡಗಿಸಿಕೊಂಡ.

"ಏನದು? ತೋರ್ಸು."

"ಕಸ."

ಅವಳು ಬೆರಳು ಬಿಡಿಸಿಯೇಬಿಟ್ಟಳು. ಪೆಟ್ರೋಲ್ ಪೈಪಿಗೆ ತೇಪೆಯಾಗಿ ಸುತ್ತಿದ್ದ, ಎಂಜಿನ್ನಿಗೆ ನೀರು ಹೋಗುವ ರಬ್ಬರ್ ಪೈಪಿನ ತುಂಡು! ಪೆಟ್ರೋಲಿಗೆ ಉಬ್ಬಿ, ಮೆತ್ತಗಾಗಿ, ಬಿರುಕು ಬಿಟ್ಟಿತ್ತು. ಅದನ್ನು ತಂತಿಯಿಂದ ಎರಡು ಸುತ್ತು ಬಿಗಿದು, ತುದಿಯನ್ನು ಒಳಕ್ಕೆ ಮಡಿಚಲಾಗಿತ್ತು. ಹಡಗುಕಟ್ಟೆಯಲ್ಲಿ ದುಡಿದ ಅಪ್ಪ ಮನೆಯ ಗೇಟು, ಕುರ್ಚಿ ಎಲ್ಲವನ್ನೂ ಹೀಗೇ ಬಿಗಿಯುತ್ತಿದ್ದ.

ಅಪ್ಪನೇ... ಬಿಸಿ ಎಂಜಿನ್ನಿನ ಪಕ್ಕ ಇದು ಸೋರಿ ಬೆಂಕಿ ಹೊತ್ತಿದ್ದರೆ?

"ಅವತ್ತೇ ನೋಡಿದ್ಯಾ?"

"ಓಟದ ಬೆಳಿಗ್ಗೆ. ಬದಲಾಯ್ಸೋಕೆ ಟೈಮ್ ಇರ್ಲಿಲ್ಲ."

"ಬಾಯಿ ಬಿಡ್ಬಾರ್ದಿತ್ತಾ?"

"ಮಾವ ಎಲ್ರ ಮುಂದೆ ನಿಂತು, ಕಾರನ್ನ ನಾನೇ ರೆಡಿ ಮಾಡಿದೀನಿ ಅಂತಿದ್ರು. ನಿಮ್ಮ ಕೆಲಸ ಸರಿಯಿಲ್ಲ ಅಂತ ಹೇಗೆ ಹೇಳ್ಲಿ, ಫೆಡೋರಾ?"

ಅವಳು ನೆಲದ ಮೇಲೆ ಕುಸಿದು ಅತ್ತಳು. ಅಪ್ಪನ ಮಾನ ಉಳಿಸಿದವನನ್ನೇ ಊರೆಲ್ಲ ಕೇಳುವಂತೆ ಬೈದಿದ್ದೆನಲ್ಲ...

ಲಿವಿಯೊ ಪಕ್ಕದಲ್ಲೇ ಕೂತ.

"ಇನ್ಮೇಲೆ ನನ್ನ ಹತ್ರ ಏನೂ ಮುಚ್ಚಿಡ್ಬೇಡ," ಎಂದಳು. "ನಂಗೆ ನೋವಾದ್ರೂ ಸರಿ."

"ಸರಿ, ಕೇಳು ಹಾಗಾದ್ರೆ. ನನ್ನನ್ನ ಒಂದಿಷ್ಟೂ ನಂಬ್ದೆ ಬಿಟ್ಟು ಹೋದೆ. ಆ ಸಿಟ್ಟು ಇನ್ನೂ ಇದೆ ನಂಗೆ."

ಅವಳು ತಲೆ ತಗ್ಗಿಸಿದಳು. "ಮತ್ತೆ?"

"ಆದ್ರೂ ದಿನಾ ನಿನ್ನ ದಾರಿ ಕಾಯ್ತಿದ್ದೆ."

ಅವಳು ಅವನ ಭುಜಕ್ಕೆ ಒರಗಿದಳು.

"ಪೈಪು ನಿಧಾನಕ್ಕೆ ಬಗ್ಗಿಸು, ಲಿವಿಯೊ. ಸಿಟ್ಟು ಇಳಿಯೋವರೆಗೂ ನಾನಿಲ್ಲೇ ಇರ್ತೀನಿ."